ಉದಾಸೀನ, ಉಪೇಕ್ಷೆ, ಅಸಡ್ಡೆ: ಎಲ್ಲ ಒಂದೇನಾ, ಬೇರೆ ಬೇರೆನಾ?

ಕೋಡಿಬಾಗದವ:
ಮನೆಯಲ್ಲಿ ನಡೆದ ಒಂದು ಗಲಾಟೆಯಿಂದ ಈ ಪ್ರಶ್ನೆ ಹುಟ್ಟಿತು. ನಮ್ಮದು ಕಾರವಾರ. ತಮ್ಮನ ಹೆಂಡತಿ ಪುತ್ತೂರು ಕಡೆಯವಳು. ಮೊನ್ನೆ ಹಲಸಿನಕಾಯಿ ಹಪ್ಪಳಕ್ಕೆ ಹಿಟ್ಟು ಕುಟ್ಟಿ ಇಟ್ಟಾಗಿತ್ತು, ಬಿಸಿಲೂ ಜೋರಿತ್ತು. ಅವಳು ಅಮ್ಮನ ಹತ್ತಿರ ಬಂದು "ಅತ್ತೆ, ಇವತ್ತು ನಂಗೆ ಯಾಕೋ ಉದಾಸೀನ ಆಗ್ತಾ ಉಂಟು" ಅಂದಳು. ಅಮ್ಮ ಮರಾಠಿ ಶಾಲೆಯಲ್ಲಿ ಓದಿದವರು, ಮನೆಮಾತು ಕೊಂಕಣಿ. ಅವರ ಕಿವಿಗೆ ಅದು "ಉದಾಸ್" ಅಂತ ಬಿತ್ತು. ಹುಡುಗಿಗೆ ಮನಸ್ಸಿಗೆ ಬೇಜಾರಾಗಿದೆ, ತವರು ನೆನಪಾಗಿದೆ, ನಾವೇ ಏನೋ ಅಂದಿರಬೇಕು ಅಂತ ಲೆಕ್ಕ ಹಾಕಿ ಬೀಗಿತ್ತಿಗೆ ಫೋನ್ ಹಚ್ಚಿಬಿಟ್ಟರು. ಆಚೆ ಕಡೆ ಬೀಗಿತ್ತಿ ನಕ್ಕೂ ನಕ್ಕೂ ಸುಸ್ತು. "ಅವಳಿಗೆ ಮೈಗಳ್ಳತನ ಅಷ್ಟೇ, ಎರಡು ಬೈದು ಕೂರಿಸಿ" ಅಂದರಂತೆ.

ನಾನು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಉದಾಸೀನ ಅಂದರೆ ಮೈಗಳ್ಳತನವೂ ಅಲ್ಲ, ಬೇಜಾರೂ ಅಲ್ಲ. ಏನಾದರೂ ಆಗಲಿ ಅಂತ ತಲೆ ಕೆಡಿಸಿಕೊಳ್ಳದೆ ಇರುವುದು. ಇಂಗ್ಲಿಷ್‌ನವರು ಇಂಡಿಫರೆನ್ಸ್ ಅನ್ನುತ್ತಾರಲ್ಲ, ಅದು. ಒಂದೇ ಅಡುಗೆಮನೆಯಲ್ಲಿ ಒಂದೇ ಶಬ್ದಕ್ಕೆ ಮೂರು ಅರ್ಥ ಹೇಗಾಯಿತು? ಮೂಲದಲ್ಲಿ ಅದು ಒಳ್ಳೆಯ ಮಾತೋ ಕೆಟ್ಟ ಮಾತೋ? ಗೊತ್ತಿದ್ದವರು ಹೇಳಿ.

ಮೂಡಬಿದ್ರೆ ಮಾವ:
ನಮ್ಮ ಕಡೆ ಹುಡುಗಿ ತಪ್ಪೇನೂ ಹೇಳಲಿಲ್ಲ ಮಾರಾಯ್ರೆ. ಮಂಗಳೂರು, ಉಡುಪಿ, ಪುತ್ತೂರು, ಎಲ್ಲಿ ಕೇಳಿದರೂ ಉದಾಸೀನ ಅಂದರೆ ಮೈ ಬಗ್ಗದೇ ಇರುವುದು. ತುಳುವಿನಲ್ಲೂ ಹಾಗೇ. "ಎದ್ದು ಫ್ಯಾನ್ ಹಾಕ್ಲಿಕ್ಕೆ ಉದಾಸೀನ", "ಮದುವೆಗೆ ಹೋಗ್ಲಿಕ್ಕೆ ಉದಾಸೀನ". ಮತ್ತೆ ಒಂದು ಗಮನಿಸಿ. ಸೋಮಾರಿ ಅಂದರೆ ಬೈಗುಳ. ಉದಾಸೀನ ಬೈಗುಳ ಅಲ್ಲ. ಅದು ಬರುತ್ತದೆ, ಹೋಗುತ್ತದೆ. ಅದಕ್ಕೇ "ನಾನು ಉದಾಸೀನ" ಅನ್ನುವುದಿಲ್ಲ, "ನಂಗೆ ಉದಾಸೀನ ಆಗ್ತದೆ" ಅನ್ನುವುದು. ಬಾಯಾರಿಕೆ ಆಗ್ತದೆ ಅಂದ ಹಾಗೆ.

ಶಾಲ್ಮಲಾ:
ಶಿರಸಿಯಿಂದ. ಸಂಸ್ಕೃತ ಪಾಠ ಹೇಳಿ ನಿವೃತ್ತಳಾದವಳು, ಹಾಗಾಗಿ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಉದ್ ಮತ್ತು ಆಸೀನ ಸೇರಿ ಉದಾಸೀನ. ಆಸೀನ ಅಂದರೆ ಕುಳಿತವನು. "ಗಣ್ಯರು ವೇದಿಕೆಯಲ್ಲಿ ಆಸೀನರಾದರು" ಅನ್ನುತ್ತೇವಲ್ಲ, ಅದೇ. ಉದ್ ಅಂದರೆ ಮೇಲೆ, ಆಚೆ. ಗುಂಪಿನ ಗದ್ದಲದಿಂದ ಆಚೆ ಹೋಗಿ ಕುಳಿತವನು ಉದಾಸೀನ.

ಇದು ಮೊದಲು ಬೈಗುಳವೂ ಆಗಿರಲಿಲ್ಲ, ಸನ್ಯಾಸಿಗಳ ಸೊತ್ತೂ ಆಗಿರಲಿಲ್ಲ. ರಾಜಕೀಯದಲ್ಲಿ ಅದೊಂದು ಸ್ಥಾನದ ಹೆಸರು. ಕೌಟಿಲ್ಯನ ಅರ್ಥಶಾಸ್ತ್ರ ನೋಡಿ. (ಮೈಸೂರಿನಲ್ಲಿ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸುವ ತನಕ ಆ ಗ್ರಂಥ ಹೆಚ್ಚುಕಡಿಮೆ ಕಳೆದೇ ಹೋಗಿತ್ತು.) ಅದರಲ್ಲಿ ರಾಜಮಂಡಲ ಅಂತ ಬರುತ್ತದೆ. ನಾನು, ನನ್ನ ಶತ್ರು, ಮಿತ್ರ, ಮಿತ್ರನ ಮಿತ್ರ, ಹೀಗೆ ಸುತ್ತಲಿನ ರಾಜರ ಲೆಕ್ಕ. ನನಗೂ ಶತ್ರುವಿಗೂ ಇಬ್ಬರಿಗೂ ಗಡಿ ತಾಗುವವನು ಮಧ್ಯಮ. ಇವರೆಲ್ಲರಿಂದ ಹೊರಗೆ ಇರುವವನು ಉದಾಸೀನ. ಆ ಉದಾಸೀನ ಬಡಪಾಯಿ ಅಲ್ಲ, ಎಲ್ಲರಿಗಿಂತ ಬಲವಂತ. ಅವನು ಮನಸ್ಸು ಮಾಡಿದರೆ ಯಾರನ್ನು ಬೇಕಾದರೂ ಎತ್ತಬಲ್ಲ, ಇಳಿಸಬಲ್ಲ. ಎಲ್ಲರೂ ಅವನ ಮುಖ ನೋಡುತ್ತ ಇರುತ್ತಾರೆ. ಸದ್ಯಕ್ಕೆ ಅವನು ಯಾರ ಕಡೆಗೂ ಇಲ್ಲ, ಅಷ್ಟೇ.

ಮುಂದೆ ಏನಾಯಿತು ಅನ್ನುವುದಕ್ಕೆ ನಿಮ್ಮ ಅಡುಗೆಮನೆಯೇ ಸಾಕ್ಷಿ. ಸಂಸಾರದಿಂದ ಆಚೆ ಕುಳಿತವನು ವಿರಕ್ತ ಆದ. ಗುರುನಾನಕರ ಮಗ ಶ್ರೀಚಂದ್ ಅವರ ಪರಂಪರೆಯ ಸಾಧುಗಳಿಗೆ ಉದಾಸಿ ಅಂತಲೇ ಹೆಸರು. ವಿರಕ್ತನ ಮುಖದಲ್ಲಿ ನಗು ಕಾಣದ ಜನ ಅದನ್ನು ಬೇಜಾರು ಅಂದುಕೊಂಡರು. ಹಿಂದಿಯಲ್ಲೂ ಮರಾಠಿಯಲ್ಲೂ ಉದಾಸ್ ಅಂದರೆ ಮುಖ ಬಾಡಿದವನು. ಘಟ್ಟದ ಕೆಳಗೆ ತೆಂಕಣದವರು ಮಾತ್ರ ಉದ್ ಅನ್ನುವುದನ್ನು ಮರೆತು ಆಸೀನ ಅನ್ನುವುದನ್ನು ಗಟ್ಟಿ ಹಿಡಿದುಕೊಂಡರು. ಕುಳಿತವನು ಏಳಲೇ ಇಲ್ಲ.

ಮೂಡಬಿದ್ರೆ ಮಾವ:
ಹ್ಹ ಹ್ಹ. ಒಪ್ಪಿದೆ ಅಕ್ಕ. ಆದರೆ ಎದ್ದು ಜಗಳ ಮಾಡ್ಲಿಕ್ಕೆ ಉದಾಸೀನ ಆಗ್ತದೆ.

ಕೋಡಿಬಾಗದವ:
ಒಂದು ಕರಾವಳಿಯಲ್ಲಿ ಎರಡು ಅರ್ಥ ಯಾಕೆ ಅನ್ನುವುದೂ ಈಗ ಸ್ವಲ್ಪ ಹೊಳೆಯಿತು. ಮೊದಲು ಕೆನರಾ ಅಂತ ಒಂದೇ ಜಿಲ್ಲೆ ಇತ್ತು, ಮದ್ರಾಸಿನವರ ಕೈಯಲ್ಲಿ. 1862ರಲ್ಲಿ ನಮ್ಮ ಉತ್ತರ ಭಾಗವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು, ದಕ್ಷಿಣ ಭಾಗ ಮದ್ರಾಸಿನಲ್ಲೇ ಉಳಿಯಿತು. 1956ರವರೆಗೂ ಹಾಗೇ. ಅಮ್ಮನ ಪೀಳಿಗೆಯವರು ಮರಾಠಿ ಓದಿದ್ದು, ಮುಂಬಯಿಗೆ ನೌಕರಿಗೆ ಹೋದದ್ದು ಎಲ್ಲ ಆ ನಂಟಿನಿಂದಲೇ. ಅವರ ಉದಾಸ್ ಮುಂಬಯಿಯಿಂದ ಬಂದದ್ದು. ತಮ್ಮನ ಹೆಂಡತಿಯ ಉದಾಸೀನ ತುಳುನಾಡಿನದ್ದು.

ಗೇರುಬೀಜ:
ಇಂಗ್ಲಿಷ್ ಶಬ್ದದ ಕಥೆ ನಾನು ಹೇಳುತ್ತೇನೆ. ಸಣ್ಣವನಿದ್ದಾಗ ಪಾದ್ರಿ ಆಗಬೇಕು ಅಂತ ಸೆಮಿನರಿಗೆ ಹೋಗಿ ಲ್ಯಾಟಿನ್ ಕಲಿತೆ. ಪಾದ್ರಿ ಆಗಲಿಲ್ಲ, ಲ್ಯಾಟಿನ್ ಮಾತ್ರ ಸ್ವಲ್ಪ ಉಳಿದಿದೆ.

ಲ್ಯಾಟಿನ್‌ನಲ್ಲಿ ಫೆರ್ರೆ ಅಂದರೆ ಹೊರುವುದು, ಒಯ್ಯುವುದು. ಶಾಲ್ಮಲಾ ಮೇಡಂ ಒಪ್ಪುತ್ತಾರೆ ಅಂದುಕೊಂಡಿದ್ದೇನೆ, ಇದು ಸಂಸ್ಕೃತದ ಭೃ ಧಾತುವಿನ ಅಣ್ಣತಮ್ಮ. ನಾವು ಭಾರ ಅನ್ನುವುದೂ ಅದರಿಂದಲೇ. ಅದಕ್ಕೆ ಡಿಸ್ ಸೇರಿದರೆ ಡಿಫೆರ್ರೆ, ಅಂದರೆ ಬೇರೆ ಬೇರೆ ಕಡೆ ಒಯ್ಯುವುದು. ಡಿಫರೆನ್ಸ್ ಬಂದದ್ದು ಅಲ್ಲಿಂದ. ಮುಂದೆ ಒಂದು ಇನ್ ಸೇರಿಸಿದರೆ "ಬೇರೆ ಮಾಡದ" ಅಂತ ಆಯಿತು. ಇದು ಆ ಪಾಲು, ಅದು ಈ ಪಾಲು ಅಂತ ವಿಂಗಡಿಸದೇ ಇರುವುದು.

ಇದನ್ನು ಲ್ಯಾಟಿನ್‌ನವರು ಗ್ರೀಕರ ಒಂದು ಶಬ್ದಕ್ಕೆ ಸರಿಯಾಗಿ ಬಳಸಿದರು. ಅಡಿಯಾಫೊರಾ. ಕ್ರಿಸ್ತಪೂರ್ವ 300ರ ಸುಮಾರಿಗೆ ಅಥೆನ್ಸ್‌ನಲ್ಲಿ ಝೀನೋ ಶುರು ಮಾಡಿದ ಸ್ಟೋಯಿಕ್ ಪಂಥದವರ ಮಾತು ಅದು. ಅವರ ಪ್ರಕಾರ ಒಳ್ಳೆಯ ನಡತೆಯೊಂದೇ ಒಳ್ಳೆಯದು, ಕೆಟ್ಟ ನಡತೆಯೊಂದೇ ಕೆಟ್ಟದ್ದು. ಉಳಿದದ್ದೆಲ್ಲ, ಅಂದರೆ ಹಣ, ಆರೋಗ್ಯ, ಹೆಸರು, ಸಾವು ಕೂಡ, ಅಡಿಯಾಫೊರಾ. ಅದರಲ್ಲೂ ಎರಡು ಥರ ಮಾಡಿದರು. ಆರೋಗ್ಯದಂಥವು ಸಿಕ್ಕರೆ ತಗೋ, ಸಿಗದಿದ್ದರೆ ಅಳಬೇಡ. ಇನ್ನು ಕೆಲವು ಇದ್ದರೂ ಸೈ ಇಲ್ಲದಿದ್ದರೂ ಸೈ. ಅದಕ್ಕೆ ಅವರು ಕೊಟ್ಟ ಉದಾಹರಣೆ ನನಗೆ ಬಹಳ ಇಷ್ಟ: ತಲೆಯ ಮೇಲೆ ಇರುವ ಕೂದಲು ಸರಿಸಂಖ್ಯೆಯೋ ಬೆಸಸಂಖ್ಯೆಯೋ ಅನ್ನುವುದು.

ಇಂಗ್ಲಿಷಿಗೆ ಬಂದಾಗಲೂ ಅದು ಮೊದಲು ಹೊಗಳಿಕೆಯೇ. ಇಂಡಿಫರೆಂಟ್ ನ್ಯಾಯಾಧೀಶ ಅಂದರೆ ಯಾರ ಪಕ್ಷವನ್ನೂ ವಹಿಸದವನು. ಇಂಗ್ಲೆಂಡಿನ ಚರ್ಚಿನ 1662ರ ಪ್ರಾರ್ಥನಾ ಪುಸ್ತಕದಲ್ಲಿ, ಅಧಿಕಾರಿಗಳು ಸತ್ಯವಾಗಿ, ಇಂಡಿಫರೆಂಟ್ ಆಗಿ ನ್ಯಾಯ ಕೊಡುವಂತಾಗಲಿ ಅಂತಲೇ ಬೇಡಿಕೊಳ್ಳುತ್ತಾರೆ. ಇವತ್ತು ಯಾರಾದರೂ ಹಾಗೆ ಬೇಡಿಕೊಂಡರೆ ನಗುತ್ತೀರಿ.

ಸಿದ್ದಾಪುರದ ಪೋರ:
ನಗುವುದೇನು ಬಂತು. ಆ ಪ್ರಾರ್ಥನೆ ನಮ್ಮ ಊರಲ್ಲಿ ಪೂರ್ತಿ ಫಲಿಸಿದೆ.

ನಮ್ಮ ಮನೆಗೆ ಹೋಗುವ ರಸ್ತೆಯಲ್ಲಿ ಒಂದು ಮೋರಿ ಇದೆ. ಮಳೆಗಾಲದಲ್ಲಿ ಅದರ ಮೇಲೆ ನೀರು ಹರಿಯುತ್ತದೆ. ಒಂದು ಬದಿ ಕುಸಿದು ಅಡಿಕೆ ಗಾಡಿ ಹೋಗದ ಹಾಗೆ ಆಗಿದೆ. ಅಪ್ಪ ಅರ್ಜಿ ಕೊಟ್ಟರು. ಯಾವ ಕಚೇರಿ ಅಂತ ಬೇಡ ಬಿಡಿ. ಉತ್ತರ ಬಂತು: "ಸದರಿ ವಿಷಯವನ್ನು ಮೇಲಧಿಕಾರಿಗಳ ಅವಗಾಹನೆಗೆ ತರಲಾಗಿದೆ." ಮುಂದಿನ ವರ್ಷ ಇನ್ನೊಂದು ಅರ್ಜಿ. "ಪರಿಶೀಲನೆಯಲ್ಲಿರುತ್ತದೆ." ಅಪ್ಪ ಎರಡೂ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟಿದ್ದಾರೆ, ಒದ್ದೆಯಾಗಬಾರದು ಅಂತ.

ನೀವು ಗ್ರೀಕ್, ಲ್ಯಾಟಿನ್ ಅಂತ ಹೊರಟಿದ್ದೀರಿ. ನನಗೆ ಬೇಕಾದದ್ದು ಈ ಥರದ ಉದಾಸೀನಕ್ಕೆ ಸರಿಯಾದ ಕನ್ನಡ ಶಬ್ದ. ಕೆಟ್ಟ ಶಬ್ದ ಅಲ್ಲ, ಅವು ನನಗೆ ಗೊತ್ತಿವೆ.

ಶಾಲ್ಮಲಾ:
ತಮ್ಮಾ, ಅವಗಾಹನೆ ಅಂದರೆ ಸಂಸ್ಕೃತದಲ್ಲಿ ನೀರಲ್ಲಿ ಮುಳುಗುವುದು. ನಿಮ್ಮ ಅರ್ಜಿಯನ್ನು ಮುಳುಗಿಸಿದ್ದೇವೆ ಅಂತ ಅವರು ಪ್ರಾಮಾಣಿಕವಾಗಿಯೇ ಬರೆದಿದ್ದಾರೆ.

ನೀನು ಕೇಳಿದ್ದಕ್ಕೆ ಕನ್ನಡದಲ್ಲಿ ಎರಡು ಶಬ್ದ ಇವೆ. ಒಂದು ನಿರ್ಲಕ್ಷ್ಯ. ಲಕ್ಷ್ಯ ಅಂದರೆ ಗಮನ, ಗುರಿ. ಕಣ್ಣೇ ಆ ಕಡೆ ಹೋಗಿಲ್ಲ ಅಂತ ಅರ್ಥ. ಇನ್ನೊಂದು ಅಸಡ್ಡೆ. ಕೇಳಿದರೆ ಅಚ್ಚಗನ್ನಡದ ಹಾಗಿದೆ, ಆದರೆ ಅದು ಅಶ್ರದ್ಧೆಯ ತದ್ಭವ. ಶ್ರದ್ಧೆ ಜನರ ಬಾಯಲ್ಲಿ ಸಡ್ಡೆ ಆಯಿತು, ಅದರ ಹಿಂದೆ ಒಂದು ಅಕಾರ ಕೂತಿತು. ನೋಡಿದ್ದಾನೆ, ಆದರೆ ಮಾಡಬೇಕು ಅನ್ನುವ ಶ್ರದ್ಧೆ ಇಲ್ಲ. ನಿನ್ನ ಮೋರಿಯದ್ದು ಮೊದಲ ವರ್ಷ ನಿರ್ಲಕ್ಷ್ಯ, ಎರಡನೇ ವರ್ಷದಿಂದ ಅಸಡ್ಡೆ.

ಪಿಯು ಮೇಷ್ಟ್ರು, ಅಂಕೋಲೆ:
ಅರ್ಥಶಾಸ್ತ್ರದವನಾಗಿ ನಾನೂ ಒಂದು ತುಂಡು ಸೇರಿಸುತ್ತೇನೆ. ಕೌಟಿಲ್ಯನ ಅರ್ಥಶಾಸ್ತ್ರ ಅಲ್ಲ, ಎಕನಾಮಿಕ್ಸ್. ನಮ್ಮಲ್ಲಿ ಇಂಡಿಫರೆನ್ಸ್ ಕರ್ವ್ ಅಂತ ಪಾಠ ಇದೆ, ಒಂದೇ ತೃಪ್ತಿ ಕೊಡುವ ಪಾಲುಗಳನ್ನೆಲ್ಲ ಜೋಡಿಸುವ ರೇಖೆ. ಎಡ್ಜ್‌ವರ್ತ್ ಅನ್ನುವವರು 1881ರಲ್ಲಿ ತಂದದ್ದು, ಆಮೇಲೆ ಪರೇಟೋ ಅದನ್ನು ಬೆಳೆಸಿದರು. ಪುಸ್ತಕದಲ್ಲಿ ಸೇಬು, ಕಿತ್ತಳೆ ಅಂತ ಇರುತ್ತದೆ. ಅಂಕೋಲೆಯ ಮಕ್ಕಳಿಗೆ ಅದು ತಲೆಗೆ ಹೋಗುವುದಿಲ್ಲ. ನಾನು ಬಂಗಡೆ ಮತ್ತು ತಾರ್ಲೆ ಹೇಳುತ್ತೇನೆ. ಒಂದು ಪಾಲಿನಲ್ಲಿ ಬಂಗಡೆ ಜಾಸ್ತಿ, ತಾರ್ಲೆ ಕಡಿಮೆ. ಇನ್ನೊಂದರಲ್ಲಿ ಬಂಗಡೆ ಕಡಿಮೆ, ತಾರ್ಲೆ ಜಾಸ್ತಿ. "ಯಾವುದು ಬೇಕು?" ಅಂತ ಮೀನಿನವಳು ಕೇಳಿದಾಗ "ಯಾವುದಾದರೂ ಹಾಕು" ಅಂತ ನಿಮ್ಮ ಬಾಯಿಂದ ಬಂದರೆ ಆ ಎರಡೂ ಪಾಲು ಒಂದೇ ರೇಖೆಯ ಮೇಲಿವೆ.

ಒಬ್ಬ ಹುಡುಗಿ ಕೇಳಿದ ಪ್ರಶ್ನೆ ನನಗೆ ಇನ್ನೂ ನೆನಪಿದೆ. "ಸರ್, ಅವನಿಗೆ ಮೀನೇ ಬೇಡ ಅಂದರೂ ಇಂಡಿಫರೆನ್ಸ್ ಅಲ್ವಾ?" ಅಲ್ಲ. ರೇಖೆಯ ಮೇಲೆ ನಿಂತವನಿಗೆ ಎರಡೂ ಬೇಕು, ಎರಡರ ಬೆಲೆಯೂ ಗೊತ್ತು, ತೂಗಿ ನೋಡಿದ್ದಾನೆ. ತೂಕ ಸಮ ಬಂದಿದೆ. ಮೀನೇ ಬೇಡ ಅನ್ನುವವನು ತಕ್ಕಡಿಯನ್ನೇ ಮುಟ್ಟಿಲ್ಲ. ಪೋರ ಹೇಳಿದ ಕಚೇರಿಯವರು ಈ ಎರಡನೇ ಪೈಕಿ.

ಬೈತಕೋಲ್ ಬೋಟ್:
ಮೇಷ್ಟ್ರೇ, ತಾರ್ಲೆಗೂ ಬಂಗಡೆಗೂ ಸಮ ಅನ್ನುವವನಿಗೆ ಮೀನಿನ ರುಚಿ ಗೊತ್ತಿಲ್ಲ ಅಂತ ಅರ್ಥ. ಇರಲಿ.

ಕೊಂಕಣಿಯಲ್ಲಿ ನಾವು ಇದಕ್ಕೆ ದೊಡ್ಡ ಶಬ್ದ ಹುಡುಕುವುದಿಲ್ಲ. "ಮಾಕಾ ಕಿತೇಂ ಪಡಲಾಂ?" ಅಂದರೆ ಮುಗಿಯಿತು. ನನಗೇನು ಬಿದ್ದಿದೆ ಅಂತ. ಕನ್ನಡದಲ್ಲೂ "ಅವನಿಗೇನು ಗರಜು ಬಿದ್ದಿದೆ" ಅನ್ನುತ್ತೇವೆ ತಾನೇ? ಯಾಕೆ ಬೀಳುವುದು ಅಂತ ಗೊತ್ತಿಲ್ಲ, ಆದರೆ ಎರಡೂ ಕಡೆ ಬೀಳುತ್ತದೆ. ನಮ್ಮ ಮೈಮೇಲೆ ಬಿದ್ದರೆ ಮಾತ್ರ ನಮ್ಮದು, ಇಲ್ಲದಿದ್ದರೆ ಊರ ಉಸಾಬರಿ.

ಕೋಡಿಬಾಗದವ:
ದಿನಾ ಆಡುವ "ಪರವಾಗಿಲ್ಲ" ಕೂಡ ಇದೇ ಸಾಲಿಗೆ ಬರುತ್ತದಲ್ಲ? ಪರವಾ ಅನ್ನುವುದು ಪಾರ್ಸಿ ಶಬ್ದ, ಕಾಳಜಿ ಅಂತ ಅರ್ಥ. ಬೇಪರ್ವಾ ಅಂದರೆ ಕಾಳಜಿ ಇಲ್ಲದವನು, ಬೈಗುಳ. ಪರವಾಗಿಲ್ಲ ಅಂದರೂ ಅಕ್ಷರಶಃ ಅದೇ, ಆದರೆ ಅದು ಸಮಾಧಾನದ ಮಾತು. ಕಾಲು ತುಳಿದವನಿಗೆ ಪರವಾಗಿಲ್ಲ ಅನ್ನುತ್ತೇವೆ. ಹೋಟೆಲಿನ ಊಟ ಹೇಗಿತ್ತು ಅಂದರೂ ಪರವಾಗಿಲ್ಲ.

ಶಾಲ್ಮಲಾ:
ನಮ್ಮ ಶಿರಸಿ ಕಡೆಯವರ "ಅಡ್ಡಿಲ್ಲೆ" ಬಿಟ್ಟಿರಲ್ಲ! ಹವ್ಯಕರ ಮನೆಯಲ್ಲಿ ಏನು ಕೇಳಿದರೂ ಉತ್ತರ ಅದೇ. "ಸಂಬಂಧ ಹೆಂಗಿದ್ದು?" "ಅಡ್ಡಿಲ್ಲೆ." "ಅಡಿಕೆ ರೇಟು?" "ಅಡ್ಡಿಲ್ಲೆ." ಅಡ್ಡಿ ಇಲ್ಲ, ಅಂದರೆ ತಕರಾರು ಇಲ್ಲ. ಬಹಳ ಚೆನ್ನಾಗಿದೆ ಅನ್ನುವುದರಿಂದ ಹಿಡಿದು ಏನೋ ಒಂದು ಅನ್ನುವವರೆಗೆ ಎಲ್ಲವನ್ನೂ ಅದರಲ್ಲೇ ಹೇಳಿಬಿಡುತ್ತೇವೆ. ಹೇಳುವ ರಾಗದ ಮೇಲೆ ಹೋಗುತ್ತದೆ. ಮದುವೆ ದಲ್ಲಾಳಿಗಳಿಗೆ ಆ ರಾಗ ತಿಳಿಯುವುದೇ ಅರ್ಧ ಕಸುಬು.

ಗೇರುಬೀಜ:
ಇಂಗ್ಲಿಷಿನಲ್ಲೂ ಇದೇ ಆಗಿದೆ. ಇಂಡಿಫರೆಂಟ್ ಅಡುಗೆ ಅಂದರೆ ಅಷ್ಟಕ್ಕಷ್ಟೇ ಇರುವ ಅಡುಗೆ. ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ ಅನ್ನುವುದು ಬರಬರುತ್ತ ಕೆಟ್ಟದ್ದರ ಕಡೆಗೇ ಜಾರಿತು.

ಮೂಡಬಿದ್ರೆ ಮಾವನಿಗೆ ಒಂದು ಸಮಾಧಾನದ ಸುದ್ದಿ ಇದೆ. ಕುಳಿತವನು ಸೋಮಾರಿ ಆದದ್ದು ತುಳುನಾಡಿನಲ್ಲಿ ಮಾತ್ರ ಅಲ್ಲ. ಗ್ರೀಕಿನಲ್ಲಿ ಅಕೀಡಿಯಾ ಅಂತ ಶಬ್ದ ಇದೆ, ಕಾಳಜಿ ಇಲ್ಲದಿರುವುದು ಅಂತ ಅರ್ಥ. ನಾಲ್ಕನೇ ಶತಮಾನದಲ್ಲಿ ಈಜಿಪ್ತಿನ ಮರಳುಗಾಡಿನಲ್ಲಿ ಕ್ರಿಸ್ತ ಸನ್ಯಾಸಿಗಳು ಒಬ್ಬೊಬ್ಬರೇ ಗುಡಿಸಲಲ್ಲಿ ಕೂತು ತಪಸ್ಸು ಮಾಡುತ್ತಿದ್ದರು. ಅವರಲ್ಲಿ ಎವಾಗ್ರಿಯಸ್ ಅನ್ನುವವರು ಇದನ್ನು ಮಧ್ಯಾಹ್ನದ ದೆವ್ವ ಅಂದರು. ಅವರು ಕೊಟ್ಟ ಲಕ್ಷಣ ಕೇಳಿ. ಹೊತ್ತು ಹೋಗುವುದೇ ಇಲ್ಲ ಅನಿಸುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿ ಕಡೆ ನೋಡುತ್ತಾನೆ. ಊಟದ ಹೊತ್ತಾಯಿತೇ ಅಂತ ಸೂರ್ಯನನ್ನು ನೋಡುತ್ತಾನೆ. ಯಾರಾದರೂ ಬರುತ್ತಾರೇನೋ ಅಂತ ಆಚೀಚೆ ನೋಡುತ್ತಾನೆ. ಈ ಜಾಗವೇ ಸರಿಯಿಲ್ಲ, ಬೇರೆಲ್ಲಾದರೂ ಹೋದರೆ ಚೆನ್ನಾಗಿತ್ತು ಅಂದುಕೊಳ್ಳುತ್ತಾನೆ. ಮುಂದೆ ಯೂರೋಪಿನಲ್ಲಿ ಏಳು ಮಹಾಪಾಪಗಳ ಪಟ್ಟಿ ಮಾಡುವಾಗ ಈ ಅಕೀಡಿಯಾವೇ ಸೋಮಾರಿತನ ಅಂತ ಆಯಿತು. ಬೇಜಾರು ಮತ್ತು ಮೈಗಳ್ಳತನ ಎರಡೂ ಒಂದೇ ಶಬ್ದದಲ್ಲಿ. ಕೋಡಿಬಾಗದವರ ಅಮ್ಮನೂ ಸರಿ, ಸೊಸೆಯೂ ಸರಿ.

ಮೂಡಬಿದ್ರೆ ಮಾವ:
ಮೇ ತಿಂಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಕರೆಂಟ್ ಇಲ್ಲದಿದ್ದರೆ ಇದೆಲ್ಲ ನಮಗೂ ಆಗ್ತದೆ. ದೆವ್ವ ಅಂತ ಗೊತ್ತಿರಲಿಲ್ಲ.

ಸಿದ್ದಾಪುರದ ಪೋರ:
ಒಂದು ಮಾತು. ಎಲೀ ವೀಸೆಲ್ 1999ರಲ್ಲಿ ಶ್ವೇತಭವನದಲ್ಲಿ ಇದರ ಬಗ್ಗೆಯೇ ಭಾಷಣ ಮಾಡಿದ್ದರು. ನಾಜಿಗಳ ಕ್ಯಾಂಪಿನಿಂದ ಬದುಕಿ ಬಂದವರು. ಅವರೂ ಶಬ್ದದ ಮೂಲದಿಂದಲೇ ಶುರು ಮಾಡುತ್ತಾರೆ: "ವ್ಯತ್ಯಾಸ ಇಲ್ಲ" ಅಂತ. ಬೆಳಕಿಗೂ ಕತ್ತಲಿಗೂ, ಕ್ರೌರ್ಯಕ್ಕೂ ಕರುಣೆಗೂ ನಡುವಿನ ಗೆರೆ ಅಳಿಸಿಹೋದ ಸ್ಥಿತಿ ಅಂತ. ಅವರು ಹೇಳಿದ್ದು ಸರಿ ಅನಿಸುತ್ತದೆ. ನೀವೆಲ್ಲ ಮೂಲ, ಮೂಲ ಅಂತ ಹುಡುಕಿ ಈ ಶಬ್ದಕ್ಕೆ ಪಾವಿತ್ರ್ಯ ಕಟ್ಟುತ್ತಾ ಇದ್ದೀರಿ. ಮೂಲದಲ್ಲಿ ಒಳ್ಳೆಯದಿತ್ತು ಅಂದಮಾತ್ರಕ್ಕೆ ಇವತ್ತು ಒಳ್ಳೆಯದಾಗುತ್ತದಾ?

ಶಾಲ್ಮಲಾ:
ಇಲ್ಲ, ಆಗುವುದಿಲ್ಲ. ನೀನು ಹೇಳಿದ್ದು ನ್ಯಾಯವೇ. ಆದರೂ ಒಂದು ಶಬ್ದವನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಉಪೇಕ್ಷೆ.

ಪತ್ರಿಕೆಗಳಲ್ಲಿ "ಜಿಲ್ಲೆಯ ಉಪೇಕ್ಷೆ" ಅಂತ ಬರುತ್ತದಲ್ಲ, ಕಡೆಗಣಿಸುವುದು ಅಂತ. ಆದರೆ ಆ ಶಬ್ದದ ಒಳಗೆ ಕುಳಿತಿರುವುದು ಈಕ್ಷ್, ನೋಡು ಅಂತ. ನಿರೀಕ್ಷೆ, ಪರೀಕ್ಷೆ, ಸಮೀಕ್ಷೆ, ಎಲ್ಲ ಅದರ ಮಕ್ಕಳೇ. ಉಪ ಅಂದರೆ ಹತ್ತಿರ. ಹತ್ತಿರದಿಂದ ನೋಡಿ ಸುಮ್ಮನಿರುವುದು ಉಪೇಕ್ಷೆ. ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲಿ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಅಂತ ನಾಲ್ಕು ಬರುತ್ತವೆ. ಸುಖಿಯನ್ನು ಕಂಡರೆ ಮೈತ್ರಿ, ದುಃಖಿಯನ್ನು ಕಂಡರೆ ಕರುಣೆ, ಪುಣ್ಯವಂತನನ್ನು ಕಂಡರೆ ಸಂತೋಷ, ಪಾಪಿಯನ್ನು ಕಂಡರೆ ಉಪೇಕ್ಷೆ. ಹಾಗಿದ್ದರೆ ಮನಸ್ಸು ತಿಳಿಯಾಗುತ್ತದೆ ಅಂತ. ಬೌದ್ಧರಲ್ಲೂ ಇದೇ ನಾಲ್ಕು ಬ್ರಹ್ಮವಿಹಾರಗಳು, ಪಾಲಿಯಲ್ಲಿ ಉಪೇಕ್ಖಾ. ಜೈನರ ತತ್ತ್ವಾರ್ಥಸೂತ್ರದಲ್ಲಿ ನಾಲ್ಕನೆಯದಕ್ಕೆ ಮಾಧ್ಯಸ್ಥ್ಯ ಅಂತ ಹೆಸರು. ಅದು ಪಾಪಿಯ ವಿಷಯದಲ್ಲಿ ಅಲ್ಲ, ಎಷ್ಟು ಹೇಳಿದರೂ ಕೇಳದವನ ವಿಷಯದಲ್ಲಿ. ಮೇಷ್ಟ್ರ ಕೆಲಸ ಮಾಡಿದ ನನಗೆ ಅದೇ ಹೆಚ್ಚು ಅರ್ಥವಾಗುತ್ತದೆ! ಸೋಂದೆಗೆ ಹೋದರೆ ಅದ್ವೈತದ ಸ್ವರ್ಣವಲ್ಲಿ ಮಠ, ವಾದಿರಾಜರ ಮಠ, ಜೈನಮಠ ಮೂರೂ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಈ ಶಬ್ದಗಳೂ ಹಾಗೇ ಅಕ್ಕಪಕ್ಕದಲ್ಲಿ ಬಾಳಿದವು.

ಗಮನಿಸಬೇಕಾದದ್ದು ಏನೆಂದರೆ ಉಪೇಕ್ಷೆ ಈ ಪಟ್ಟಿಗಳಲ್ಲಿ ಒಂಟಿಯಾಗಿ ಬರುವುದೇ ಇಲ್ಲ. ಕರುಣೆಯ ಜೊತೆಯಲ್ಲೇ ಬರುತ್ತದೆ, ಅದೂ ಕೊನೆಗೆ. ದುಃಖದಲ್ಲಿ ಇರುವವನನ್ನು ಉಪೇಕ್ಷಿಸು ಅಂತ ಯಾರೂ ಹೇಳಿಲ್ಲ. ಪೋರ ಹೇಳಿದ ಮೋರಿಯನ್ನು ಪತಂಜಲಿಯ ಲೆಕ್ಕಕ್ಕೆ ಹಾಕಲು ಬರುವುದಿಲ್ಲ.

ಪಿಯು ಮೇಷ್ಟ್ರು, ಅಂಕೋಲೆ:
ಆದರೆ ಮೇಡಂ, ರಾಜನೀತಿಯಲ್ಲಿ ಉಪೇಕ್ಷೆಗೆ ಅಷ್ಟು ಒಳ್ಳೆಯ ಹೆಸರಿಲ್ಲವಲ್ಲ? ಸಾಮ ದಾನ ಭೇದ ದಂಡ ಆದಮೇಲೆ ಮಾಯೆ, ಉಪೇಕ್ಷೆ, ಇಂದ್ರಜಾಲ ಅಂತ ಇನ್ನೂ ಮೂರು ಉಪಾಯ ಹೇಳುತ್ತಾರೆ. ಇಬ್ಬರು ಶತ್ರುಗಳು ಹೊಡೆದಾಡಿ ಸಾಯಲಿ ಅಂತ ಕೈಕಟ್ಟಿ ನೋಡುವುದೂ ಉಪೇಕ್ಷೆಯೇ.

ಶಾಲ್ಮಲಾ:
ಹೌದು. ಅಲ್ಲೂ ನೋಡುವುದು ಇದ್ದೇ ಇದೆ ನೋಡಿ. ಕಣ್ಣು ಮುಚ್ಚಿದವನಿಗೆ ಆ ಉಪಾಯವೂ ದಕ್ಕುವುದಿಲ್ಲ.

ತಾಳಮದ್ದಳೆ ತಿಮ್ಮ, ಹೊನ್ನಾವರ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಈಗ ತಡೆಯಲಿಲ್ಲ.

ತಟಸ್ಥ ಅನ್ನುವುದನ್ನು ಯಾರೂ ಎತ್ತಲಿಲ್ಲ. ಕರಾವಳಿಯವರು ನಾವು, ನಮ್ಮದೇ ಶಬ್ದ ಅದು. ತಟ ಅಂದರೆ ದಂಡೆ. ಹೊಳೆಯಲ್ಲಿ ಏನಾದರೂ ಆಗಲಿ, ದಂಡೆಯ ಮೇಲೆ ನಿಂತವನು ತಟಸ್ಥ. ಶರಾವತಿ ದಂಡೆಯಲ್ಲಿ ನಿಂತು ಹೇಳುತ್ತೇನೆ, ದಂಡೆಯ ಮೇಲೆ ನಿಲ್ಲುವುದು ಯಾವಾಗಲೂ ತಪ್ಪಲ್ಲ. ಈಜು ಬಾರದವನು ಹಾರಿದರೆ ಎರಡು ಹೆಣ ಎತ್ತಬೇಕಾಗುತ್ತದೆ. ಆದರೆ ಹಗ್ಗ ಕೈಯಲ್ಲೇ ಇದ್ದು ಎಸೆಯದೆ ನಿಂತರೆ?

ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕುಳಿತು ಪಾತ್ರಗಳ ಮಾತು ಆಡುವ ನಮ್ಮ ಅರ್ಥಧಾರಿಗಳು ಇದನ್ನು ಎರಡು ಕಡೆ ಎಳೆದಾಡುತ್ತಾರೆ. ಒಂದು, ದ್ರೌಪದಿಯ ವಸ್ತ್ರಾಪಹಾರ. ಅವಳು ಪ್ರಶ್ನೆ ಕೇಳುತ್ತಾಳೆ. ಭೀಷ್ಮ ಧರ್ಮ ಸೂಕ್ಷ್ಮ ಅಂತ ಜಾರಿಕೊಳ್ಳುತ್ತಾನೆ. ಸಭೆ ಸುಮ್ಮನಿದೆ. ಕೌರವರ ಪೈಕಿ ವಿಕರ್ಣ ಒಬ್ಬ ಬಾಯಿ ಬಿಡುತ್ತಾನೆ. ಆಗ ವಿದುರ ಒಂದು ಲೆಕ್ಕ ಹೇಳುತ್ತಾನೆ. ನಿಂದಿಸಬೇಕಾದದ್ದನ್ನು ಸಭೆ ನಿಂದಿಸದೇ ಹೋದರೆ ಆ ಪಾಪದ ಅರ್ಧ ಪಾಲು ಸಭೆಯ ಹಿರಿಯನಿಗೆ, ಕಾಲು ಪಾಲು ಮಾಡಿದವನಿಗೆ, ಕಾಲು ಪಾಲು ಸುಮ್ಮನೆ ಕುಳಿತ ಸಭಾಸದರಿಗೆ. ಮಾಡಿದವನಿಗಿಂತ ಪೀಠದಲ್ಲಿ ಕುಳಿತವನಿಗೇ ಪಾಲು ಜಾಸ್ತಿ! ಈ ಲೆಕ್ಕ ಕೇಳಿದಾಗಲೆಲ್ಲ ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿಯವರು ಸ್ವಲ್ಪ ಅಲುಗಾಡುತ್ತಾರೆ. ಪೋರ, ನಿಮ್ಮ ಅಪ್ಪನ ಮೂರನೇ ಅರ್ಜಿಗೆ ಇದನ್ನು ಸೇರಿಸಿ.

ಇನ್ನೊಂದು ಬಲರಾಮ. ಯುದ್ಧದಲ್ಲಿ ಯಾರ ಕಡೆಗೂ ಸೇರದೆ ತೀರ್ಥಯಾತ್ರೆಗೆ ಹೋದ. ಭೀಮ ದುರ್ಯೋಧನ ಇಬ್ಬರೂ ಅವನ ಗದಾಶಿಷ್ಯರು. ಇದು ಔದಾಸೀನ್ಯವೋ ಜಾರಿಕೊಳ್ಳುವಿಕೆಯೋ? ಬಲರಾಮನ ಪಾತ್ರ ಮಾಡುವಾಗ ನನಗೆ ಎಂದೂ ಇದು ಬಗೆಹರಿಯಲಿಲ್ಲ.

ಶಾಲ್ಮಲಾ:
ತಿಮ್ಮಣ್ಣ, ಉದ್ಯೋಗಪರ್ವದಲ್ಲಿ ಹೊರಡುವಾಗ ಅವನು ಆಡುವ ಮಾತು ಗೊತ್ತಾ? "ನ ಹಿ ಶಕ್ಷ್ಯಾಮಿ ಕೌರವ್ಯಾನ್ ನಶ್ಯಮಾನಾನ್ ಉಪೇಕ್ಷಿತುಮ್." ಕೌರವರು ನಾಶವಾಗುವುದನ್ನು ನನ್ನಿಂದ ಉಪೇಕ್ಷಿಸಲಿಕ್ಕೆ ಆಗುವುದಿಲ್ಲ, ಅದಕ್ಕೇ ಸರಸ್ವತಿ ತೀರ್ಥಗಳಿಗೆ ಹೋಗುತ್ತೇನೆ ಅಂತ. ನೋಡುತ್ತ ಸುಮ್ಮನಿರಲು ಆಗದವನು ಅವನು. ಉದ್ದಕ್ಕೂ ಹೊಳೆ ದಂಡೆಯಲ್ಲೇ ನಡೆದ, ಹಾಗಾಗಿ ಅಕ್ಷರಶಃ ತಟಸ್ಥ. ಆದರೆ ಉದಾಸೀನ ಅಲ್ಲವೇ ಅಲ್ಲ. ಉದಾಸೀನನಾಗಿದ್ದರೆ ಗದಾಯುದ್ಧದಲ್ಲಿ ಭೀಮ ತೊಡೆಗೆ ಹೊಡೆದಾಗ ನೇಗಿಲು ಎತ್ತಿಕೊಂಡು ನುಗ್ಗುತ್ತಿದ್ದನಾ?

ತಾಳಮದ್ದಳೆ ತಿಮ್ಮ, ಹೊನ್ನಾವರ:
ಅಬ್ಬಾ! ಇದು ಸಿಕ್ಕಿದ್ದು ದೊಡ್ಡ ಉಪಕಾರ. ಮುಂದಿನ ಕೂಟದಲ್ಲಿ ಇದನ್ನೇ ಹಿಡಿಯುತ್ತೇನೆ. ಆದರೆ ಎದುರಿಗೆ ಕೃಷ್ಣ ಕೂತಿರುತ್ತಾನಲ್ಲ. ನಮ್ಮ ಕೃಷ್ಣ ಬಾಯಿ ಜೋರಿನವರು. "ಅಣ್ಣಾ, ನೋಡಲಾಗದು ಅಂತ ನೀನು ಎದ್ದು ಹೋದೆ. ನಾನು ಆಯುಧ ಹಿಡಿಯದೆ ಮಧ್ಯದಲ್ಲೇ ಕುಳಿತೆ. ನಮ್ಮಿಬ್ಬರಲ್ಲಿ ಉದಾಸೀನ ಯಾರು?" ಅಂತ ತಿರುಗಿಸಿ ಕೇಳಿದರೆ?

ಶಾಲ್ಮಲಾ:
ಕೇಳಲಿ ಬಿಡಿ. ಗೀತೆಯ ಒಂಬತ್ತನೇ ಅಧ್ಯಾಯದಲ್ಲಿ ಅವನೇ ಹೇಳಿದ್ದನ್ನು ಅವನಿಗೇ ತಿರುಗಿಸಿ. "ಉದಾಸೀನವದಾಸೀನಮ್." ತಾನು ಉದಾಸೀನ ಅಂತ ಹೇಳಿಲ್ಲ. ಉದಾಸೀನವತ್, ಉದಾಸೀನನ ಹಾಗೆ ಕುಳಿತವನು ಅಂತ ಮಾತ್ರ. ಹದಿನಾಲ್ಕನೇ ಅಧ್ಯಾಯದಲ್ಲಿ ಗುಣಾತೀತನ ಲಕ್ಷಣ ಹೇಳುವಾಗಲೂ ಮತ್ತೆ ವತ್.

ತಾಳಮದ್ದಳೆ ತಿಮ್ಮ, ಹೊನ್ನಾವರ:
ಆ ವತ್ ಒಂದು ಸಾಕು ಅಕ್ಕ. "ಹಾಗೆ ಕುಳಿತವನು ನೀನು, ಹಾಗೆ ಕೂರಲು ಬಾರದವನು ನಾನು" ಅಂತ ಶುರು ಮಾಡಿದರೆ ಭಾಗವತರು ಜಾಗಟೆ ಬಡಿದು ಮುಂದಿನ ಪದ ಎತ್ತುವ ತನಕ ನಿಲ್ಲಿಸುವುದಿಲ್ಲ. ಪದ್ಯದ ಪೂರ್ತಿ ಸಾಲು ಇದ್ದರೆ ಇಲ್ಲೇ ಹಾಕಿ, ಬಾಯಿಪಾಠ ಮಾಡಬೇಕು.